ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ, ಕೊಂಡ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶದಲ್ಲಿ ಎರಕದ ಬಿಡಿಭಾಗಗಳ ವಿನ್ಯಾಸ ಮಾಡಿಕೊಡುವ ಸಣ್ಣ ಕಚೇರಿ ನನ್ನದು. ಇಷ್ಟು ವರ್ಷಗಳಲ್ಲಿ ನಾಲ್ಕು ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್‌ಗಳನ್ನು ದುಡಿಸಿದ್ದೇನೆ. ಎರಡು ಹೊಸದಾಗಿ ಕೊಂಡವು, ಎರಡು ಬಳಸಿದವು. ಫೌಂಡ್ರಿಯವರು (ಲೋಹದ ಎರಕ ಹೊಯ್ಯುವವರು), ಸಕ್ಕರೆ ಕಾರ್ಖಾನೆಗಳ ಪೈಪಿಂಗ್ ಗುತ್ತಿಗೆದಾರರು, ಕಾಲೇಜು ಹುಡುಗರು, ಅವರ ತಂದೆ ತಾಯಿ ಎಲ್ಲರೂ ಇದೇ ವಿಷಯ ಕೇಳಿಕೊಂಡು ಬರುತ್ತಾರೆ. ಎಲ್ಲರಿಗೂ ಒಂದೇ ಮಾತನ್ನು ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಂದು ಕಡೆ ಬರೆದಿಡುವುದು ಒಳ್ಳೆಯದು ಎನ್ನಿಸಿತು.

ಮೊಬೈಲ್ ವರ್ಕ್‌ಸ್ಟೇಷನ್ ಎಂದರೇನು? ಸಾಮಾನ್ಯ ಲ್ಯಾಪ್‌ಟಾಪಿಗೂ ಅದಕ್ಕೂ ಏನು ವ್ಯತ್ಯಾಸ?

ದಿನವಿಡೀ ಭಾರದ ಕೆಲಸ ಮಾಡಲೆಂದೇ ಕಟ್ಟಿದ ಲ್ಯಾಪ್‌ಟಾಪ್. ಒಳಗೆ ದೊಡ್ಡ ಫ್ಯಾನುಗಳು, ದಪ್ಪ ತಾಮ್ರದ ಕೊಳವೆಗಳು, ಹೆಚ್ಚು ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ಹಾಕಲು ಜಾಗ, ಎರಡು ಮೂರು ಎಸ್‌ಎಸ್‌ಡಿಗಳಿಗೆ (ಫೈಲ್‌ಗಳನ್ನು ಕೂಡಿಡುವ ಸಂಗ್ರಹ) ಸ್ಥಳ, ವೃತ್ತಿಪರ ಗ್ರಾಫಿಕ್ಸ್ ಕಾರ್ಡ್. ಇದರ ಜೊತೆಗೆ ಸಾಲಿಡ್‌ವರ್ಕ್ಸ್, ಎನ್‌ಎಕ್ಸ್, ಕಟಿಯಾ, ಕ್ರಿಯೋ, ಆನ್ಸಿಸ್‌ನಂಥ ವಿನ್ಯಾಸ, ವಿಶ್ಲೇಷಣೆಯ ತಂತ್ರಾಂಶಗಳ ತಯಾರಕರು ಆ ಮಾದರಿಯ ಮೇಲೆ ತಮ್ಮ ತಂತ್ರಾಂಶವನ್ನು ಪರೀಕ್ಷಿಸಿ ಪ್ರಮಾಣೀಕರಿಸಿರುತ್ತಾರೆ. ಮಾಡೆಲ್ ತಿರುಗಿಸುವಾಗ ಗೆರೆಗಳು ಮಾಯವಾದರೆ, ತಂತ್ರಾಂಶ ಹಠಾತ್ತನೆ ಮುಚ್ಚಿಕೊಂಡರೆ, ತಂತ್ರಾಂಶದ ಸಹಾಯವಾಣಿಯವರು ಮೊದಲು ಕೇಳುವ ಪ್ರಶ್ನೆಯೇ 'ನಿಮ್ಮ ಕಾರ್ಡ್ ಮತ್ತು ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಪ್ರಮಾಣಿತ ಪಟ್ಟಿಯಲ್ಲಿವೆಯೇ' ಎಂಬುದು.

ಯಾವ ಯಾವ ಕಂಪನಿಗಳ ಯಂತ್ರಗಳಿವೆ? ಹೆಸರುಗಳೇ ಗೊಂದಲವಾಗುತ್ತವೆ.

ನಮ್ಮ ಕಡೆ ಹೆಚ್ಚಾಗಿ ಕಾಣುವವು ಮೂರು ವಂಶಗಳು. ಡೆಲ್‌ನ ಪ್ರಿಸಿಷನ್, ಎಚ್‌ಪಿಯ ಝಡ್‌ಬುಕ್, ಲೆನೊವೊದ ಥಿಂಕ್‌ಪ್ಯಾಡ್ ಪಿ ಸರಣಿ. ಝಡ್‌ಬುಕ್ ಎಂಬ ಹೆಸರು ಬಂದದ್ದು 2013ರಲ್ಲಿ. ಪಿ ಸರಣಿ 2015ರಲ್ಲಿ ಪಿ50, ಪಿ70 ಮಾದರಿಗಳೊಂದಿಗೆ ಆರಂಭವಾಯಿತು. ಅದಕ್ಕೂ ಮುಂಚೆ ಅದು ಡಬ್ಲ್ಯೂ ಸರಣಿ. ಡೆಲ್ 2025ರಲ್ಲಿ ಪ್ರಿಸಿಷನ್ ಹೆಸರನ್ನು ಕೈಬಿಟ್ಟು 'ಡೆಲ್ ಪ್ರೊ ಮ್ಯಾಕ್ಸ್' ಎಂದು ಕರೆಯತೊಡಗಿತು. ಬಳಸಿದ ಯಂತ್ರಗಳ ಮಾರುಕಟ್ಟೆಯಲ್ಲಿ ಮಾತ್ರ ಇನ್ನೂ ಬಹುಕಾಲ ಪ್ರಿಸಿಷನ್ ಎಂಬ ಹೆಸರೇ ಕೇಳಿಬರುತ್ತದೆ.

ಗ್ರಾಫಿಕ್ಸ್ ಕಾರ್ಡುಗಳ ಹೆಸರೂ ಹೀಗೆಯೇ ಬದಲಾಗುತ್ತ ಬಂದಿದೆ. ಎನ್‌ವಿಡಿಯಾದ ಹಳೆಯ 'ಕ್ವಾಡ್ರೊ' ಹೋಗಿ ಲ್ಯಾಪ್‌ಟಾಪ್‌ಗಳಲ್ಲಿ 2021ರಿಂದ 'ಆರ್‌ಟಿಎಕ್ಸ್ ಎ' ಸರಣಿ ಬಂತು, 2023ರಲ್ಲಿ 'ಅಡಾ', 2025ರಲ್ಲಿ 'ಆರ್‌ಟಿಎಕ್ಸ್ ಪ್ರೊ ಬ್ಲ್ಯಾಕ್‌ವೆಲ್'. ಅಂಗಡಿಯವರು 'ಇದು 2000, ಅದು 5000' ಎಂದಷ್ಟೇ ಹೇಳಿದರೆ ಯಾವ ಪೀಳಿಗೆಯದು ಎಂದು ಮರೆಯದೆ ಕೇಳಿ.

ಒಂದೇ ಕಾರ್ಡ್ ಇರುವ ಎರಡು ಲ್ಯಾಪ್‌ಟಾಪ್‌ಗಳ ಬೆಲೆಯಲ್ಲಿ ಅಷ್ಟೊಂದು ಅಂತರವೇಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಕಾರ್ಡಿನ ಹೆಸರು ಒಂದೇ ಆದರೂ ಅದಕ್ಕೆ ಎಷ್ಟು ವ್ಯಾಟ್ ವಿದ್ಯುತ್ ಕೊಡಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಕರು ತೀರ್ಮಾನಿಸುತ್ತಾರೆ. ಆರ್‌ಟಿಎಕ್ಸ್ 2000 ಅಡಾ ಕಾರ್ಡನ್ನೇ ನೋಡಿ: ಅದನ್ನು 35 ವ್ಯಾಟ್‌ನಿಂದ 140 ವ್ಯಾಟ್‌ವರೆಗೆ ಯಾವ ಮಟ್ಟದಲ್ಲಾದರೂ ಕೂರಿಸಬಹುದು. ತೆಳ್ಳಗಿನ ಯಂತ್ರದಲ್ಲಿ 40 ವ್ಯಾಟ್‌ಗೆ ಕಟ್ಟಿಹಾಕಿದ ಕಾರ್ಡೂ, ದಪ್ಪ ಯಂತ್ರದಲ್ಲಿ 100 ವ್ಯಾಟ್ ಕುಡಿಯುವ ಕಾರ್ಡೂ ಹೆಸರಿನಲ್ಲಿ ಮಾತ್ರ ಅಣ್ಣ ತಮ್ಮಂದಿರು. ಪ್ರೊಸೆಸರ್ ಕಥೆಯೂ ಇದೇ. ಮೊದಲ ಒಂದೆರಡು ನಿಮಿಷ ಎಲ್ಲ ಯಂತ್ರಗಳೂ ಓಡುತ್ತವೆ. ಬಿಸಿ ಏರಿದ ಮೇಲೆ ಯಾವುದು ನಿಂತು ದುಡಿಯುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ನನಗೆ ಇದು ತಿಳಿದದ್ದು ದುಡ್ಡು ಕಳೆದುಕೊಂಡ ಮೇಲೆ. ನನ್ನ ಎರಡನೆಯ ಯಂತ್ರ ತೆಳ್ಳಗಿತ್ತು, ನೋಡಲು ಚೆಲುವಾಗಿತ್ತು, ಕಾರ್ಡಿನ ಹೆಸರೂ ದೊಡ್ಡದಿತ್ತು. ಒಂದು ಪಂಪ್ ಕವಚದ ಎರಕದಲ್ಲಿ ಲೋಹ ಎಲ್ಲಿ ಕೊನೆಗೆ ಗಟ್ಟಿಯಾಗುತ್ತದೆ, ಎಲ್ಲಿ ಕುಗ್ಗಿ ಟೊಳ್ಳಾಗುತ್ತದೆ ಎಂದು ನೋಡಲು ಸಿಮ್ಯುಲೇಷನ್ (ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡುವ ಪರೀಕ್ಷೆ) ಹಚ್ಚಿದೆ. ಪ್ರೊಸೆಸರಿನ ವೇಗ ತೋರಿಸುವ ಕಿಟಕಿಯನ್ನು ಪಕ್ಕದಲ್ಲಿ ತೆರೆದಿಟ್ಟಿದ್ದೆ. ಆರಂಭದಲ್ಲಿ 4.1 ಗಿಗಾಹರ್ಟ್ಸ್. ಆರನೇ ನಿಮಿಷಕ್ಕೆ 3.2. ಕಾಲು ಗಂಟೆಯಾಗುವಷ್ಟರಲ್ಲಿ 2.4ಕ್ಕೆ ಇಳಿದು ಅಲ್ಲಿಯೇ ಕುಳಿತಿತು. ಕೀಲಿಮಣೆಯ ಮೇಲ್ಭಾಗದ ಲೋಹವನ್ನು ಬೆರಳಿನಿಂದ ಮುಟ್ಟಲಾಗುತ್ತಿರಲಿಲ್ಲ. ಪಕ್ಕದ ಮೇಜಿನ ಮೇಲಿದ್ದ ನನ್ನ ಹಳೆಯ, ಎರಡು ಪೀಳಿಗೆ ಹಿಂದಿನ ದಪ್ಪ ಯಂತ್ರ ಅದೇ ಲೆಕ್ಕವನ್ನು ಅದಕ್ಕಿಂತ ಬೇಗ ಮುಗಿಸಿತು.

ಆದ್ದರಿಂದ ಹೋಲಿಸುವಾಗ ಕಾರ್ಡಿನ ಹೆಸರಿನ ಪಕ್ಕದಲ್ಲಿ ಅದರ ವ್ಯಾಟ್ ಎಷ್ಟೆಂದು ಬರೆದುಕೊಳ್ಳಿ. ಮಾಹಿತಿ ಪತ್ರದಲ್ಲಿ ಅದು ಕಾಣದಿದ್ದರೆ ಚಾರ್ಜರ್ ಮೇಲಿನ ಅಂಕಿಯನ್ನು ನೋಡಿ. 230 ವ್ಯಾಟ್ ಚಾರ್ಜರ್ ಜೊತೆ ಬರುವ ಯಂತ್ರಕ್ಕೂ 130 ವ್ಯಾಟ್ ಚಾರ್ಜರ್ ಜೊತೆ ಬರುವ ಯಂತ್ರಕ್ಕೂ ಒಂದೇ ಶಕ್ತಿ ಇರಲು ಸಾಧ್ಯವಿಲ್ಲ.

ಗೇಮಿಂಗ್ ಲ್ಯಾಪ್‌ಟಾಪ್ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನೇ ಕೊಂಡರೆ ಆಗದೇ?

ಕೆಲಸದ ಮೇಲೆ ಹೋಗುತ್ತದೆ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಒಳಾಂಗಣದ ಚಿತ್ರ ತಯಾರಿಸುವವರು, ವಿಡಿಯೊ ಸಂಕಲನ ಮಾಡುವವರು ಗೇಮಿಂಗ್ ಯಂತ್ರ ಕೊಂಡರೆ ಕೊಟ್ಟ ಹಣಕ್ಕೆ ಹೆಚ್ಚು ವೇಗ ಸಿಗುತ್ತದೆ. ಆ ಕೆಲಸಕ್ಕೆ ಪ್ರಮಾಣಪತ್ರದ ಹಂಗಿಲ್ಲ.

ಸಾಲಿಡ್‌ವರ್ಕ್ಸ್‌ನಲ್ಲಿ ನೂರಾರು ಬಿಡಿಭಾಗಗಳ ಅಸೆಂಬ್ಲಿ ಕಟ್ಟುವವರ ವಿಷಯ ಬೇರೆ. ಅದರ 'ರಿಯಲ್‌ವ್ಯೂ' ಎಂಬ ನೈಜ ಮೇಲ್ಮೈ ತೋರಿಸುವ ಸೌಲಭ್ಯ ಗೇಮಿಂಗ್ ಕಾರ್ಡ್‌ಗಳಲ್ಲಿ ಅಧಿಕೃತವಾಗಿ ದೊರೆಯುವುದಿಲ್ಲ. ಅದಿಲ್ಲದೆಯೂ ಬದುಕಬಹುದು, ನಿಜ. ನಾನು ಹೆಚ್ಚು ತೂಕ ಕೊಡುವುದು ಇನ್ನೆರಡಕ್ಕೆ: ವರ್ಷಗಟ್ಟಲೆ ಸ್ಥಿರವಾಗಿ ನಡೆಯುವ ಡ್ರೈವರ್, ಮತ್ತು ಮನೆಬಾಗಿಲಿಗೆ ಬರುವ ಮೂರು ವರ್ಷದ ವಾರಂಟಿ. ಗ್ರಾಹಕರು ಪುಣೆಯಿಂದ ಬಂದು ಎದುರು ಕುಳಿತಾಗ ಪರದೆ ಕಪ್ಪಾದರೆ ಆಗುವ ಅವಮಾನಕ್ಕೆ ಬೆಲೆ ಕಟ್ಟಲಾಗದು.

ನನ್ನ ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದ್ದಾನೆ. ಮೊದಲ ವರ್ಷಕ್ಕೇ ಇಂಥ ಯಂತ್ರ ಕೊಡಿಸಬೇಕೇ?

ದಯವಿಟ್ಟು ಬೇಡ. ಈ ಪ್ರಶ್ನೆ ಕೇಳುವ ತಂದೆಯರಲ್ಲಿ ಗೋಕಾಕ, ಸವದತ್ತಿ, ಮುಧೋಳ ಕಡೆಯ ರೈತರೂ ಇರುತ್ತಾರೆ. ಕಬ್ಬಿನ ಬಿಲ್ಲು ಬಂದ ಹಣದಲ್ಲಿ ಎರಡು ಲಕ್ಷದ ಲ್ಯಾಪ್‌ಟಾಪ್ ಕೊಡಿಸಲು ಹೊರಟವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮೊದಲ ವರ್ಷದಲ್ಲಿ ಮಾಡುವ ಡ್ರಾಯಿಂಗ್‌ಗೆ 16 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಕಾಲೇಜಿನ ಪ್ರಯೋಗಾಲಯದಲ್ಲಿ ಕಂಪ್ಯೂಟರ್‌ಗಳೂ ಇರುತ್ತವೆ. ಮೂರನೇ ವರ್ಷಕ್ಕೆ ಬಂದು, ಹುಡುಗನಿಗೋ ಹುಡುಗಿಗೋ ವಿನ್ಯಾಸದಲ್ಲಿ, ವಿಶ್ಲೇಷಣೆಯಲ್ಲಿ ನಿಜವಾದ ಆಸಕ್ತಿ ಇದೆ ಎಂದು ತಿಳಿದ ಮೇಲೆ ಬಳಸಿದ ವರ್ಕ್‌ಸ್ಟೇಷನ್ ಒಂದನ್ನು ನೋಡಿ. ಅಷ್ಟರಲ್ಲಿ ಅವರಿಗೇ ಏನು ಬೇಕೆಂಬುದು ಗೊತ್ತಾಗಿರುತ್ತದೆ.

ರ‍್ಯಾಮ್ ಎಷ್ಟು ಬೇಕು? ಆಮೇಲೆ ಹೆಚ್ಚಿಸಬಹುದೇ?

ಬಿಡಿಭಾಗಗಳ ವಿನ್ಯಾಸಕ್ಕೆ 32 ಜಿಬಿ. ದೊಡ್ಡ ಅಸೆಂಬ್ಲಿ, ಎರಕದ ಸಿಮ್ಯುಲೇಷನ್, ಒತ್ತಡದ ವಿಶ್ಲೇಷಣೆಗೆ 64 ಜಿಬಿ. ವಿಶ್ಲೇಷಣೆಯಲ್ಲಿ ಲೆಕ್ಕ ಪೂರ್ತಿ ರ‍್ಯಾಮ್‌ನಲ್ಲೇ ಹಿಡಿಸಿದರೆ ಒಂದು ವೇಗ. ಹಿಡಿಸದೆ ಎಸ್‌ಎಸ್‌ಡಿಯ ಮೇಲೆ ಬರೆದು ಓದತೊಡಗಿದರೆ ಗಂಟೆಯ ಕೆಲಸ ಅರ್ಧ ದಿನಕ್ಕೆ ಎಳೆಯುತ್ತದೆ. ವಿಜಯಪುರದ ಒಬ್ಬ ಯುವ ವಾಸ್ತುಶಿಲ್ಪಿ ಹಳೆಯ ಕಲ್ಲಿನ ಕಟ್ಟಡವೊಂದರ ನೂರಾರು ಛಾಯಾಚಿತ್ರಗಳನ್ನು ಜೋಡಿಸಿ ಮೂರು ಆಯಾಮದ ಮಾದರಿ ಮಾಡಲು ಹೊರಟು 16 ಜಿಬಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ರ‍್ಯಾಮ್ ಹೆಚ್ಚಿಸಿದ ಮೇಲೆ ಅದೇ ಪ್ರೊಸೆಸರ್, ಅದೇ ಕಾರ್ಡಿನಲ್ಲಿ ಕೆಲಸ ಮುಗಿಯಿತು.

ಹೆಚ್ಚಿಸಲು ಬರುತ್ತದೆಯೇ ಎಂಬುದು ಮಾದರಿಯನ್ನು ಅವಲಂಬಿಸಿದೆ. ದಪ್ಪ ಯಂತ್ರಗಳಾದ ಥಿಂಕ್‌ಪ್ಯಾಡ್ ಪಿ16, ಝಡ್‌ಬುಕ್ ಫ್ಯೂರಿ 16ರಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್‌ಗಳ ಮಾದರಿಗಳಿವೆ. ಡೆಲ್ 2022ರಲ್ಲಿ ಪ್ರಿಸಿಷನ್ 7670ರಲ್ಲಿ 'ಕ್ಯಾಮ್' ಎಂಬ ಚಪ್ಪಟೆ ಹೊಸ ಬಗೆಯ ರ‍್ಯಾಮ್ ತಂದಿತು. 2023ರ ಕೊನೆಯಲ್ಲಿ ಅದರ ಮುಂದಿನ ರೂಪ ಎಲ್ಲ ಕಂಪನಿಗಳಿಗೂ ಮಾನದಂಡವಾಯಿತು. ಒಳ್ಳೆಯ ವಿನ್ಯಾಸವೇ, ಆದರೆ ಈ ಬಗೆಯ ರ‍್ಯಾಮ್ ನಮ್ಮೂರಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವುದಿಲ್ಲ, ತರಿಸಬೇಕು. ಕೆಲವು ತೆಳು ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದಾದರೆ ಮುಂದಿನ ಐದು ವರ್ಷಕ್ಕೆ ಬೇಕಾಗುವಷ್ಟನ್ನು ಮೊದಲ ದಿನವೇ ಕೊಳ್ಳಬೇಕು.

ಗ್ರಾಫಿಕ್ಸ್ ಕಾರ್ಡಿನ ಮೆಮೊರಿ?

ವಿನ್ಯಾಸಕ್ಕೆ 8 ಜಿಬಿ ಸಾಕು. ರೆಂಡರಿಂಗ್ (ಮಾದರಿಯಿಂದ ನೈಜ ಚಿತ್ರ ತಯಾರಿಸುವುದು) ಅಥವಾ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಯಂತ್ರದಲ್ಲೇ ನಡೆಸುವ ಯೋಚನೆ ಇದ್ದರೆ 12 ಅಥವಾ 16 ಜಿಬಿ. ಅಡಾ ಪೀಳಿಗೆಯಲ್ಲಿ 2000ಕ್ಕೆ 8, 3500ಕ್ಕೆ 12, 5000ಕ್ಕೆ 16 ಜಿಬಿ ಇದೆ. ಆರ್‌ಟಿಎಕ್ಸ್ ಪ್ರೊ 5000 ಬ್ಲ್ಯಾಕ್‌ವೆಲ್‌ನಲ್ಲಿ 24 ಜಿಬಿ. 2025ರ ಝಡ್‌ಬುಕ್ ಅಲ್ಟ್ರಾ ಜಿ1ಎ ಬೇರೆ ದಾರಿ ಹಿಡಿದಿದೆ: ಎಎಂಡಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ 128 ಜಿಬಿವರೆಗಿನ ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಭಾಷಾ ಮಾದರಿಗಳೊಂದಿಗೆ ಕೆಲಸ ಮಾಡುವವರು ಅದನ್ನು ಒಮ್ಮೆ ನೋಡಬೇಕು.

ಉದ್ಯಮಬಾಗ್, ಮಚ್ಛೆಯ ಕಾರ್ಖಾನೆಗಳ ಧೂಳಿನಲ್ಲಿ ಈ ಯಂತ್ರಗಳು ತಾಳುತ್ತವೆಯೇ?

ತಾಳುತ್ತವೆ, ನಾವು ನೋಡಿಕೊಂಡರೆ.

ಒಂದು ವರ್ಷ ಫೌಂಡ್ರಿಗೆ ಹೋಗಿ ಬರುತ್ತಿದ್ದ ಯಂತ್ರದ ತಳಭಾಗದ ತಿರುಪು ಬಿಚ್ಚಿ ನೋಡಿದ್ದನ್ನು ನಾನು ಮರೆಯುವುದಿಲ್ಲ. ಫ್ಯಾನಿನ ಎದುರಿನ ತಾಮ್ರದ ಹಲ್ಲುಗಳ ನಡುವೆ ಕಂಬಳಿಯ ತುಂಡಿನಂತೆ ಧೂಳು ಹೆಪ್ಪುಗಟ್ಟಿತ್ತು. ಅದು ಮನೆಯ ಬೂದು ಧೂಳಲ್ಲ, ಕಪ್ಪು. ಅದನ್ನು ಚಿಮಟದಿಂದ ಎತ್ತಿ ಕಾಗದದ ಮೇಲಿಟ್ಟು ಕೆಳಗಿನಿಂದ ಅಯಸ್ಕಾಂತ ಹಿಡಿದಾಗ ಕೂದಲು ನಿಗುರಿದಂತೆ ಎದ್ದು ನಿಂತಿತು. ಗ್ರೈಂಡಿಂಗ್ ವಿಭಾಗದ ಕಬ್ಬಿಣದ ಪುಡಿ. ಬರೀ ಧೂಳಾದರೆ ಬಿಸಿ ಹೆಚ್ಚಿಸುತ್ತದೆ ಅಷ್ಟೇ. ಕಬ್ಬಿಣದ ಪುಡಿ ವಿದ್ಯುತ್ತನ್ನು ಹಾಯಿಸುತ್ತದೆ, ಬೋರ್ಡನ್ನೇ ಸುಡಬಲ್ಲದು.

ಅಂದಿನಿಂದ ನಮ್ಮ ಕಚೇರಿಯಲ್ಲಿ ಕೆಲವು ಕಟ್ಟುಪಾಡುಗಳಿವೆ. ಗ್ರೈಂಡಿಂಗ್ ಮತ್ತು ಶಾಟ್ ಬ್ಲಾಸ್ಟಿಂಗ್ (ಲೋಹದ ಗುಂಡುಗಳನ್ನು ಎರಚಿ ಎರಕವನ್ನು ಉಜ್ಜುವುದು) ನಡೆಯುವ ಕಡೆ ಲ್ಯಾಪ್‌ಟಾಪ್ ತೆರೆಯುವುದಿಲ್ಲ; ಅಲ್ಲಿ ಕಾಗದದ ಡ್ರಾಯಿಂಗ್ ಅಥವಾ ಟ್ಯಾಬ್ಲೆಟ್. ನಾಲ್ಕು ತಿಂಗಳಿಗೊಮ್ಮೆ ತಳ ಬಿಚ್ಚಿ, ಬ್ಯಾಟರಿಯ ಸಂಪರ್ಕ ತೆಗೆದು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಮೆತ್ತನೆಯ ಬ್ರಷ್‌ನಿಂದ ಒರೆಸುತ್ತೇವೆ. ಕಾರ್ಖಾನೆಯ ಕಂಪ್ರೆಸರ್ ಗಾಳಿಯನ್ನು ಯಾವತ್ತೂ ಬಿಡಬೇಡಿ. ಅದರಲ್ಲಿ ನೀರೂ ಎಣ್ಣೆಯೂ ಇರುತ್ತದೆ. ಮೂರು ಕಂಪನಿಗಳೂ ತಮ್ಮ ಯಂತ್ರ ಬಿಚ್ಚುವ ಕೈಪಿಡಿಯನ್ನು ಎಲ್ಲರಿಗೂ ಸಿಗುವಂತೆ ಇಟ್ಟಿವೆ. ಓದಿಕೊಂಡೇ ತಿರುಪಿಗೆ ಕೈ ಹಾಕಿ.

ಬೇಸಿಗೆಯಲ್ಲಿ ಬಾಗಲಕೋಟೆ, ವಿಜಯಪುರದಲ್ಲಿ ಯಂತ್ರ ನಿಧಾನವಾಗುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ಪ್ರೊಸೆಸರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕೋಣೆಯ ಗಾಳಿಯೇ 40 ಡಿಗ್ರಿ ಇದ್ದರೆ ಆ ಗಡಿಯನ್ನು ಬೇಗ ಮುಟ್ಟುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯ ತಂಪಿನಲ್ಲಿ ಚೆನ್ನಾಗಿ ಓಡಿದ ಯಂತ್ರ ಮೇ ತಿಂಗಳ ವಿಜಯಪುರದಲ್ಲಿ ಏದುಸಿರು ಬಿಡುತ್ತದೆ. ಅಲ್ಲಿನವರು ತೆಳು ಮಾದರಿಗಳನ್ನು ಬಿಟ್ಟು ದಪ್ಪದ್ದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಿಂಭಾಗವನ್ನು ಎರಡು ಬೆರಳು ಎತ್ತರಿಸಿ ಇಟ್ಟರೂ ತಳದಿಂದ ಗಾಳಿ ಸರಾಗವಾಗಿ ಒಳಹೋಗುತ್ತದೆ. ಭಾರದ ಲೆಕ್ಕಗಳನ್ನು ರಾತ್ರಿ ಹಚ್ಚಿ ಮಲಗಿ.

ಕರೆಂಟ್ ಹೋದಾಗ ಬ್ಯಾಟರಿಯ ಮೇಲೆ ಅದೇ ವೇಗದಲ್ಲಿ ಕೆಲಸ ಮಾಡಬಹುದೇ?

ಇಲ್ಲ. ಬ್ಯಾಟರಿಯ ಮೇಲೆ ಪ್ರೊಸೆಸರ್, ಕಾರ್ಡ್ ಎರಡಕ್ಕೂ ಕಡಿವಾಣ ಬೀಳುತ್ತದೆ. ದೊಡ್ಡ ಲೆಕ್ಕ ನಡೆಯುತ್ತಿದ್ದರೆ ಒಂದು ಗಂಟೆಯೊಳಗೇ ಬ್ಯಾಟರಿ ಬರಿದಾಗಬಹುದು. ಸಿಮ್ಯುಲೇಷನ್ ಮಾಡುವವರು ಯುಪಿಎಸ್ ಇಟ್ಟುಕೊಳ್ಳಲೇಬೇಕು. ಮನೆಯ ಇನ್ವರ್ಟರ್ ಆದರೆ ಸೈನ್ ವೇವ್ ಇರುವುದನ್ನೇ ಬಳಸಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಹಚ್ಚಿದರೆ ಚಾರ್ಜರ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಇನ್ನೊಂದು ಮಾತು: ಲೋಹದ ಮೈ ಮುಟ್ಟಿದಾಗ ಕೈ ಜುಮ್ಮೆಂದರೆ ಲ್ಯಾಪ್‌ಟಾಪನ್ನು ದೂರುವ ಮೊದಲು ಗೋಡೆಯ ಸಾಕೆಟ್‌ನ ಅರ್ಥಿಂಗ್ ಪರೀಕ್ಷಿಸಿ. ಹಳೆಯ ಶೆಡ್ಡುಗಳಲ್ಲಿ ಮೂರನೆಯ ತೂತಿಗೆ ತಂತಿಯೇ ಇರುವುದಿಲ್ಲ.

ಇಡೀ ದಿನ ಚಾರ್ಜರಿಗೆ ಹಚ್ಚಿಡುವವರು ಸೆಟ್ಟಿಂಗ್‌ನಲ್ಲಿ ಚಾರ್ಜ್ ಮಿತಿಯನ್ನು 80 ಶೇಕಡಾಕ್ಕೆ ಇಡಿ. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಒಳಗೆ ಬ್ಯಾಟರಿ ಊದಿದೆ ಎಂದೇ ಅರ್ಥ. ಅಂದೇ ಬಳಕೆ ನಿಲ್ಲಿಸಿ.

ಕಂಪನಿಗಳಲ್ಲಿ ಬಳಸಿ ಬಿಟ್ಟ ಯಂತ್ರಗಳು ಅರ್ಧ ಬೆಲೆಗಿಂತ ಕಡಿಮೆಗೆ ಸಿಗುತ್ತವೆ. ಕೊಳ್ಳಬಹುದೇ? ಏನು ನೋಡಬೇಕು?

ಕೊಳ್ಳಬಹುದು. ಹಣ ಕಡಿಮೆ ಇರುವವರಿಗೆ ನಾನು ಮೊದಲು ಹೇಳುವ ದಾರಿಯೇ ಇದು. ದೊಡ್ಡ ಊರುಗಳ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬದಲಿಸಿದ ಯಂತ್ರಗಳು ಇವು. ಆದರೆ ಅಂಗಡಿಯಲ್ಲಿ ಕನಿಷ್ಠ ಒಂದು ಗಂಟೆ ಕೂರುವ ತಾಳ್ಮೆ ಇರಬೇಕು.

ನಾನು ಹೋಗುವಾಗ ಪೆನ್‌ಡ್ರೈವ್‌ನಲ್ಲಿ ನನ್ನದೇ ಒಂದು ಅಸೆಂಬ್ಲಿ ಫೈಲ್ ಒಯ್ಯುತ್ತೇನೆ. ಅಂಗಡಿಯವರು ತೋರಿಸುವ ಅಂಕಗಳಿಗಿಂತ ನನ್ನ ಕೆಲಸವೇ ನನಗೆ ಅಳತೆಗೋಲು. ಮೊದಲು ಯಂತ್ರ ಚಾಲೂ ಮಾಡುವಾಗಲೇ ಬಯೋಸ್ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್) ಒಳಗೆ ಹೋಗಿ ನೋಡುತ್ತೇನೆ. ಅಲ್ಲಿ ಪಾಸ್‌ವರ್ಡ್ ಕೇಳಿದರೆ, ಅಥವಾ ಹಳೆಯ ಕಂಪನಿಯ ಹೆಸರು, ಕಳವು ತಡೆಯುವ ಬೀಗ ಇನ್ನೂ ಉಳಿದಿದ್ದರೆ, ಎಷ್ಟೇ ಅಗ್ಗವಾದರೂ ಎದ್ದು ಬರುತ್ತೇನೆ. ಆಮೇಲೆ ತಳದ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ವಾರಂಟಿ ಉಳಿದಿದೆಯೇ, ಮೂಲತಃ ಯಾವ ಕಾರ್ಡ್, ಯಾವ ಪರದೆಯೊಂದಿಗೆ ಬಂದಿತ್ತು ಎಂದು ತಾಳೆ ನೋಡುತ್ತೇನೆ. ವಿಂಡೋಸ್‌ನ ಬ್ಯಾಟರಿ ವರದಿ ತೆಗೆದರೆ ಹೊಸದರಲ್ಲಿ ಎಷ್ಟು ಸಾಮರ್ಥ್ಯವಿತ್ತು, ಈಗ ಎಷ್ಟಿದೆ ಎಂಬುದು ಕಾಣುತ್ತದೆ.

ಕೊನೆಗೆ ಅರ್ಧ ಗಂಟೆ ಪೂರ್ತಿ ಭಾರ ಹಾಕಿ ಸುಮ್ಮನೆ ಕೂರುತ್ತೇನೆ. ಫ್ಯಾನಿನ ಸದ್ದು ಒಂದೇ ಸಮನೆ ಇರಬೇಕು; ಕರಕರ ಎಂದರೆ ಬೇರಿಂಗ್ ಸವೆದಿದೆ. ಚಾರ್ಜರ್ ಮೂಲದ್ದೇ ಎಂದು ನೋಡಲು ಮರೆಯಬೇಡಿ. ಕಡಿಮೆ ವ್ಯಾಟ್‌ನ ಚಾರ್ಜರ್ ಹಚ್ಚಿದರೆ ಯಂತ್ರ ತಾನಾಗಿ ನಿಧಾನಿಸುತ್ತದೆ, ಕೊಂಡವರು ಪ್ರೊಸೆಸರನ್ನು ದೂರುತ್ತ ಕೂರುತ್ತಾರೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ವಿಂಡೋಸ್ 11 ಅಧಿಕೃತವಾಗಿ ಒಪ್ಪದ, ಇಂಟೆಲ್ 8ನೇ ಪೀಳಿಗೆಗಿಂತ ಹಳೆಯದನ್ನು ಈಗ ಕೊಳ್ಳುವುದು ಬೇಡ. ನನ್ನ ಮಟ್ಟಿಗೆ 11ನೇ ಪೀಳಿಗೆಯಿಂದ ಮುಂದಿನದು ಕೊಟ್ಟ ಹಣಕ್ಕೆ ಸರಿಹೊಂದುತ್ತದೆ.

ವಾರಂಟಿಯಲ್ಲಿ 'ಮರುದಿನವೇ ಮನೆಗೆ' ಎಂದಿದೆ. ಬೆಳಗಾವಿಗೆ ಮರುದಿನವೇ ಬರುತ್ತಾರೆಯೇ?

ತಂತ್ರಜ್ಞರು ಬರಬಹುದು, ಬಿಡಿಭಾಗ ಬರಬೇಕಲ್ಲ. ನನ್ನ ಒಂದು ಯಂತ್ರದ ಮದರ್‌ಬೋರ್ಡ್ ಹೋದಾಗ ಒಂಬತ್ತು ದಿನ ಕಾದೆ. ಒಪ್ಪಂದದ ಭಾಷೆಯಲ್ಲಿ ಅದು ತಪ್ಪೂ ಆಗಿರಲಿಲ್ಲ. ಕೊಳ್ಳುವ ಮೊದಲೇ ನಿಮ್ಮ ಪಿನ್‌ಕೋಡ್ ಹೇಳಿ, ಆ ವಿಳಾಸಕ್ಕೆ ಮನೆಬಾಗಿಲ ಸೇವೆ ಇದೆಯೇ ಎಂದು ಲಿಖಿತವಾಗಿ ಕೇಳಿ ಪಡೆಯಿರಿ. ತಾಲ್ಲೂಕು ಊರುಗಳಲ್ಲಿರುವವರಿಗೆ ಇದು ಇನ್ನೂ ಮುಖ್ಯ.

ಮದರ್‌ಬೋರ್ಡ್ ಬದಲಿಸಿದ ದಿನ ಇನ್ನೊಂದು ಪಾಠ ಕಲಿತೆ. ಯಂತ್ರ ಚಾಲೂ ಆದ ಕೂಡಲೇ ನೀಲಿ ಪರದೆಯಲ್ಲಿ, ಫೈಲ್‌ಗಳಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿ ಕೇಳಿತು. ಬೀಗದ ಗುಟ್ಟು ಹಳೆಯ ಬೋರ್ಡಿನ ಚಿಪ್‌ನಲ್ಲಿ ಇರುವುದರಿಂದ ಹೊಸ ಬೋರ್ಡಿಗೆ ಅದು ಗೊತ್ತಿರುವುದಿಲ್ಲ. ನನ್ನ ಹೆಂಡತಿ ಆ ಅಂಕಿಗಳನ್ನು ಮನೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಳು, ಹಾಗಾಗಿ ಆರು ವರ್ಷದ ಡ್ರಾಯಿಂಗ್‌ಗಳು ಉಳಿದವು. ನೀವೂ ಇಂದೇ ಬರೆದಿಡಿ.

ಪರದೆ 4ಕೆ ಬೇಕೇ?

ಛಾಯಾಚಿತ್ರ, ಮುದ್ರಣದ ಕೆಲಸದವರಿಗೆ ಬೇಕು. ವಿನ್ಯಾಸಕ್ಕೆ ಅಗತ್ಯವಿಲ್ಲ, ಉಳಿದ ಹಣದಲ್ಲಿ ಕಚೇರಿಗೆ 27 ಇಂಚಿನ ಮಾನಿಟರ್ ತನ್ನಿ, ಕತ್ತು ನೋವೂ ತಗ್ಗುತ್ತದೆ.

ಮ್ಯಾಕ್‌ಬುಕ್ ಪ್ರೊ ಹೇಗೆ?

ವಿಡಿಯೊ, ಸಂಗೀತ, ತಂತ್ರಾಂಶ ಬರೆಯುವವರಿಗೆ ಸೊಗಸಾದ ಯಂತ್ರ. ಬ್ಯಾಟರಿಯ ಮೇಲೂ ಅದರ ವೇಗ ಹೆಚ್ಚು ಕುಗ್ಗುವುದಿಲ್ಲ. ಆದರೆ ಸಾಲಿಡ್‌ವರ್ಕ್ಸ್, ಎನ್‌ಎಕ್ಸ್‌ನ ಇಂದಿನ ಆವೃತ್ತಿಗಳು ವಿಂಡೋಸ್‌ಗಾಗಿ ಬಂದವು. ನಮ್ಮ ಕಸುಬಿನವರು ಅತ್ತ ನೋಡುವುದು ಬೇಡ.

ತೂಕ ಎಷ್ಟಿರುತ್ತದೆ? ವಿಮಾನದಲ್ಲಿ ಒಯ್ಯಬಹುದೇ?

ಥಿಂಕ್‌ಪ್ಯಾಡ್ ಪಿ16 ಸುಮಾರು ಮೂರು ಕಿಲೊ, ತೆಳುವಾದ ಪಿ1 ಎರಡು ಕಿಲೊಗಿಂತ ಕಡಿಮೆ. ಹೋಲಿಸುವಾಗ ಚಾರ್ಜರನ್ನೂ ತಕ್ಕಡಿಗೆ ಹಾಕಿ. ದಪ್ಪ ಯಂತ್ರದ ಚಾರ್ಜರ್ ಕೈಯಲ್ಲಿ ಹಿಡಿದರೆ ಅರ್ಧ ಇಟ್ಟಿಗೆಯಂತಿರುತ್ತದೆ. ವಾರಕ್ಕೆರಡು ಬಾರಿ ಕೊಲ್ಹಾಪುರಕ್ಕೋ ಹುಬ್ಬಳ್ಳಿಗೋ ಬಸ್ಸಿನಲ್ಲಿ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನ ಹತ್ತುವವರು ಹೆದರಬೇಕಿಲ್ಲ. ಈ ಬ್ಯಾಟರಿಗಳು 100 ವ್ಯಾಟ್-ಗಂಟೆಯ ಮಿತಿಯೊಳಗೇ ಇರುತ್ತವೆ. ಕೈಚೀಲದಲ್ಲಿ ಇಟ್ಟುಕೊಳ್ಳಿ.

ಸ್ವಂತ ಉದ್ಯಮದ ಹೆಸರಿನಲ್ಲಿ ಕೊಂಡರೆ ಲಾಭವಿದೆಯೇ?

ಇದೆ. ಜಿಎಸ್‌ಟಿ ನೋಂದಣಿ ಇದ್ದರೆ ನಿಮ್ಮ ಸಂಖ್ಯೆ ಹಾಕಿಸಿಯೇ ಬಿಲ್ ಪಡೆಯಿರಿ. 18 ಶೇಕಡಾ ತೆರಿಗೆಯನ್ನು ನಿಮ್ಮ ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ 40 ಶೇಕಡಾ ಸವಕಳಿ ತೋರಿಸಲು ಅವಕಾಶವಿದೆ. ಉಳಿದದ್ದನ್ನು ನಿಮ್ಮ ಲೆಕ್ಕಪರಿಶೋಧಕರೊಂದಿಗೆ ಕುಳಿತು ಮಾಡಿ.

ಹೊಸದು ಬಂದ ಮೇಲೆ ಹಳೆಯದನ್ನು ಏನು ಮಾಡುವುದು?

ಮಾರುವುದಾದರೆ ಬಯೋಸ್‌ನಲ್ಲಿರುವ ಅಳಿಸುವ ಸೌಲಭ್ಯದಿಂದ ಎಸ್‌ಎಸ್‌ಡಿಯನ್ನು ಪೂರ್ತಿ ಅಳಿಸಿ. ಗ್ರಾಹಕರ ಡ್ರಾಯಿಂಗ್ ಇನ್ನೊಬ್ಬರ ಕೈಗೆ ಸಿಕ್ಕರೆ ನಂಬಿಕೆ ಹೋಗುತ್ತದೆ. ನಾನು ನನ್ನ ಮೊದಲ ಯಂತ್ರವನ್ನು ಮಾರಲಿಲ್ಲ. ಅದೀಗ ನಮಗೆ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮರದ ಮಾದರಿ) ಮಾಡಿಕೊಡುವ ಹಿರಿಯ ಬಡಗಿಯೊಬ್ಬರ ಮೇಜಿನ ಮೇಲಿದೆ. ಮಾಡೆಲನ್ನು ತಿರುಗಿಸಿ, ಒಳಗೆ ಟೊಳ್ಳು ಉಳಿಸುವ ಕೋರ್ ಎಲ್ಲಿ ಕೂರುತ್ತದೆ ಎಂದು ನೋಡಿಕೊಂಡು, ಆಮೇಲೆ ತೇಗದ ಮರಕ್ಕೆ ಉಳಿ ಹಚ್ಚುತ್ತಾರೆ. ಪರದೆಯ ಅಂಚಿಗೆ ಮರದ ಹೊಟ್ಟು ಕೂತಿರುತ್ತದೆ, ನಾಲ್ಕು ತಿಂಗಳಿಗೊಮ್ಮೆ ಹೋಗಿ ಒರೆಸಿ ಬರುತ್ತೇನೆ.